ಹಿಂದಿನ ತಾರೀಖು

ತಮ್ಮನ ಅರ್ಜಿ ಕಳೆದುಹೋಗಿದೆ ಎಂದು ಗೊತ್ತಾಗಲು ಅವಳಿಗೆ ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಅವನ ಹೆಸರು ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿದೆ, ನಿಧಾನಕ್ಕೆ ಮೇಲೆ ಬರುತ್ತಿದೆ ಎಂದು ಅಕ್ಕ ತಮ್ಮ ಇಬ್ಬರೂ ನಂಬಿಕೊಂಡಿದ್ದರು. ವಾರಕ್ಕೆ ಮೂರು ದಿನ ಅವನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು, ನಾಲ್ಕು ಗಂಟೆ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು, ಹಿಂಡಿದ ಬಟ್ಟೆಯಂತಾಗಿ ಹೊರಗೆ ಬಂದವನ ತೋಳು ಹಿಡಿದು ಮನೆ ಸೇರಿಸುವುದು. ಇದೆಲ್ಲ ಒಂದು ದಿನ ಮುಗಿಯುತ್ತದೆ ಎಂಬ ಧೈರ್ಯದ ಮೇಲೆ ಎರಡು ವರ್ಷ ಕಳೆದಿತ್ತು.

ಸರದಿ ಎಲ್ಲಿಗೆ ಬಂತು ಎಂದು ಕೇಳಲು ಅವಳು ಪಟ್ಟಿಯ ಕಚೇರಿಗೆ ಹೋದ ದಿನ, ಅಲ್ಲಿನ ಗುಮಾಸ್ತರು ಹೆಸರನ್ನು ಮೂರು ಸಲ ಟೈಪ್ ಮಾಡಿ ನೋಡಿದರು. ನಿವೃತ್ತಿಯ ಅಂಚಿನಲ್ಲಿದ್ದ, ಮೆತ್ತನೆ ಮಾತಿನ ಮನುಷ್ಯ.

"ಈ ಹೆಸರಿನವರು ಯಾರೂ ಇಲ್ಲವಲ್ಲ ಮೇಡಂ. ಅರ್ಜಿ ಯಾವಾಗ ಕೊಟ್ಟಿದ್ರಿ?"

ಅವಳು ತಾರೀಖು ಹೇಳಿದಳು. ಅದನ್ನು ಮರೆಯುವ ಹಾಗೇ ಇರಲಿಲ್ಲ. ತಮ್ಮ ಈಜು ಕಲಿಸುವ ಕೆಲಸ ಬಿಟ್ಟದ್ದು ಅದೇ ದಿನ.

"ಅಯ್ಯೋ, ಆ ತಿಂಗಳೇ ಆಫೀಸು ಈ ಕಟ್ಟಡಕ್ಕೆ ಬಂದಿದ್ದು. ಆ ಗಡಿಬಿಡೀಲಿ ಒಂದಷ್ಟು ಕಾಗದ ಎಲ್ಲೆಲ್ಲಿಗೋ ಹೋದವು," ಎಂದು ಅವರು ತಮ್ಮದೇ ಮನೆಯ ವಸ್ತು ಕಳೆದವರಂತೆ ಮುಖ ಸಣ್ಣದು ಮಾಡಿದರು.

ಒಳಗಿನ ಕೋಣೆಯ ಅಧಿಕಾರಿ ಕೇಳಿದ್ದು ಒಂದೇ ಮಾತು: "ರಸೀದಿ ಇದೆಯಾ?"

ಇರಲಿಲ್ಲ. ಆಗ ಯಾರೂ ಕೊಟ್ಟಿರಲಿಲ್ಲ, ಇವರೂ ಕೇಳಿರಲಿಲ್ಲ.

"ಹಾಗಾದ್ರೆ ಇವತ್ತಿನ ತಾರೀಖಿಗೆ ಹೊಸದಾಗಿ ಹಾಕಿಸಿ. ನಿಮ್ಮ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ನಾಳೆ ಇನ್ನೊಬ್ಬರು ಬಂದು ನಾನು ಐದು ವರ್ಷದ ಹಿಂದೆ ಕೊಟ್ಟಿದ್ದೆ ಅಂದ್ರೆ ಏನು ಮಾಡ್ಲಿ? ಪ್ರೋಗ್ರಾಂನಲ್ಲಿರೋ ತಾರೀಖೇ ತಾರೀಖು. ಇಲ್ಲಾಂದ್ರೆ ಕೈಯಲ್ಲಿ ರಸೀದಿ ಇರಬೇಕು."

ಆ ಮನುಷ್ಯ ಒರಟನಾಗಿದ್ದರೆ ಜಗಳವಾಡಬಹುದಿತ್ತು. ಅವನು ಹೇಳಿದ್ದು ಸರಿಯಾಗಿತ್ತು, ಅವಳನ್ನು ಹೆಚ್ಚು ಸುಸ್ತು ಮಾಡಿದ್ದು ಅದೇ. ಅವತ್ತು ತಮ್ಮನ ಹೆಸರು ಅವನ ರಕ್ತದ ಗುಂಪಿನ ಪಟ್ಟಿಯ ತಳ ಸೇರಿತು. ಈ ಸಲ ಗುಮಾಸ್ತರು ರಸೀದಿಗೆ ಎರಡೆರಡು ಸಲ ಮೊಹರು ಒತ್ತಿ ಕೊಟ್ಟರು.

ಆ ಗುಂಪಿನ ಕಿಡ್ನಿ ವರ್ಷಕ್ಕೆ ಒಂದೋ ಎರಡೋ ಬರುತ್ತಿತ್ತು. ಅವಳೇ ಕೊಟ್ಟುಬಿಡೋಣವೆಂದರೆ ಅವಳಿಗೆ ಸಕ್ಕರೆ ಕಾಯಿಲೆ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಇದ್ದವರು ಇಬ್ಬರೇ. ನಲವತ್ತೆಂಟರ ಅಕ್ಕ, ನಲವತ್ತೊಂದರ ತಮ್ಮ.

ಅವಳ ಕಸುಬು ಹಳೆಯ ಪ್ರೋಗ್ರಾಂಗಳಿಗೆ ಹೊಸ ಯಂತ್ರಗಳಲ್ಲಿ ಜಾಗ ಮಾಡಿಕೊಡುವುದು. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಯಾರೋ ಬರೆದು, ಈಗ ಯಾರಿಗೂ ಬಿಚ್ಚಿ ನೋಡುವ ಧೈರ್ಯವಿಲ್ಲದ, ಆದರೆ ಅದಿಲ್ಲದೆ ಒಂದು ದಿನವೂ ನಡೆಯದ ಪ್ರೋಗ್ರಾಂಗಳು ಎಷ್ಟೋ ಕಚೇರಿಗಳಲ್ಲಿ ಇರುತ್ತವೆ. ಅಂಥದ್ದನ್ನು ಅವಳು ಕಂಟೇನರ್ ಎಂಬ ಕಟ್ಟಿನೊಳಗೆ ಕೂರಿಸುತ್ತಿದ್ದಳು. ಅದು ಬಯಸುವ ಹಳೆಯ ಕಡತಗಳು, ಹಳೆಯ ಅಭ್ಯಾಸಗಳು, ಅದಕ್ಕೆ ಗೊತ್ತಿರುವ ಪುಟ್ಟ ಲೋಕ, ಎಲ್ಲವನ್ನೂ ಅದರ ಸುತ್ತ ಜೋಡಿಸಿಕೊಡುವುದು. ವಯಸ್ಸಾದ ಅಜ್ಜಿಯನ್ನು ಹೊಸ ಮನೆಗೆ ಕರೆತಂದು, ಹಳೆಯ ಕೋಣೆಯ ಮಂಚ, ಕಪಾಟು, ಗೋಡೆಯ ಮೊಳೆಯನ್ನೂ ಇದ್ದಲ್ಲೇ ಇಟ್ಟುಕೊಟ್ಟ ಹಾಗೆ. ಅಜ್ಜಿಗೆ ಮನೆ ಬದಲಾದದ್ದೇ ತಿಳಿಯುವುದಿಲ್ಲ. ಆ ಕಟ್ಟನ್ನು ಎಲ್ಲಿ ಬೇಕಾದರೂ ಇಡಬಹುದು, ಇವತ್ತಿನ ಯಂತ್ರದಲ್ಲಿ, ಡಾಕ್ಟರ ಕೈಯ ಟ್ಯಾಬ್‌ನಲ್ಲಿ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಅಗತ್ಯವೇ ಇಲ್ಲ. ಅವಳ ವೃತ್ತಿಯ ಜಾಣತನವೇ ಅದು. ಹೋದ ಕಚೇರಿಯಲ್ಲೆಲ್ಲ ಅವಳಿಗೆ 'ಡಬ್ಬಿ ಮೇಡಂ' ಎಂದು ಹೆಸರು ಬೀಳುತ್ತಿತ್ತು.

ಹೊಸ ತಾರೀಖು ಬಿದ್ದು ಎಂಟು ತಿಂಗಳಾದ ಮೇಲೆ ಪಟ್ಟಿಯ ಕಚೇರಿಯವರು ಅವಳ ಕಂಪನಿಗೇ ಬರೆದರು. ಅವರ ಹಳೆಯ ಯಂತ್ರ ಇವತ್ತೋ ನಾಳೆಯೋ ಎನ್ನುತ್ತಿತ್ತು. ಈ ಕೆಲಸ ನನಗೇ ಕೊಡಿ ಎಂದು ಅವಳು ಕೇಳಿ ಪಡೆದುಕೊಂಡಳು. ಅವಳ ತಮ್ಮ ಪಟ್ಟಿಯಲ್ಲಿದ್ದಾನೆ ಎಂಬುದು ಗುಮಾಸ್ತರಿಗೆ ಗೊತ್ತಿತ್ತು. ಅವರು ಅದನ್ನು ಒಳ್ಳೆಯದೆಂದೇ ತೆಗೆದುಕೊಂಡರು.

"ನಮ್ಮೋರೊಬ್ರು ಅದರಲ್ಲಿದ್ರೆ ಕೆಲಸ ಅಚ್ಚುಕಟ್ಟಾಗಿ ಆಗುತ್ತೆ ಮೇಡಂ," ಎಂದರು.

ಪಟ್ಟಿಯ ಪ್ರೋಗ್ರಾಂ ಇಪ್ಪತ್ತಾರು ವರ್ಷ ಹಳೆಯದು. ಕಪ್ಪು ಪರದೆ, ಹಸಿರು ಅಕ್ಷರ. ಕಂಪ್ಯೂಟರಿನ ಹುಚ್ಚಿದ್ದ ಒಬ್ಬ ಡಾಕ್ಟರು ರಜಾದಿನಗಳಲ್ಲಿ ಕೂತು ಬರೆದದ್ದಂತೆ. ಅವರು ತೀರಿಕೊಂಡಿದ್ದರು. ಅವರು ಬರೆದ ಮೂಲ ಸಾಲುಗಳು ಎಲ್ಲೂ ಉಳಿದಿರಲಿಲ್ಲ, ಓಡುವ ಪ್ರೋಗ್ರಾಂ ಮಾತ್ರ ಉಳಿದಿತ್ತು. ಅದರ ಜಾಗಕ್ಕೆ ಹೊಸದನ್ನು ಬರೆಯಲು ಹೋದವರು ಮೂರು ವರ್ಷ ಒದ್ದಾಡಿ ಕೈಚೆಲ್ಲಿದ್ದರು. ನೆಲಮಾಳಿಗೆಯ ಕೋಣೆಯಲ್ಲಿ ಆ ಯಂತ್ರದ ಫ್ಯಾನು ಉಬ್ಬಸದವರಂತೆ ಏದುಸಿರು ಬಿಡುತ್ತಿತ್ತು. ಅವಳು ಅದರ ಪಕ್ಕ ಮೇಜು ಹಾಕಿಕೊಂಡು ಆರು ವಾರದಲ್ಲಿ ಕೆಲಸ ಮುಗಿಸಿದಳು. ಹಸಿರು ಅಕ್ಷರಗಳು ಡಾಕ್ಟರುಗಳ ಟ್ಯಾಬ್‌ನಲ್ಲಿ ಮೂಡಿದ ದಿನ ಅಧಿಕಾರಿ ಎಲ್ಲರಿಗೂ ಕಾಫಿ ಕೊಡಿಸಿದ. ಒಂದು ಅಕ್ಷರವೂ ಆಚೀಚೆಯಾಗಿಲ್ಲ ಎಂದು ಹೊಗಳಿದ. ಇನ್ನು ನಾಲ್ಕು ತಿಂಗಳು ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಿಕೊಳ್ಳುವುದಷ್ಟೇ ಅವಳ ಪಾಲಿಗೆ ಉಳಿಯಿತು.

ಆಸೆ ಹುಟ್ಟಿದ್ದು ಆ ಬಿಡುವಿನಲ್ಲಿ. ಅಥವಾ ಕೆಲಸ ಕೇಳಿ ಪಡೆದ ದಿನವೇ ಹುಟ್ಟಿತ್ತೋ ಏನೋ. ಅದನ್ನು ಕೆದಕಲು ಅವಳಿಗೆ ಶಕ್ತಿಯಿರಲಿಲ್ಲ.

ಆ ದಿನಗಳಲ್ಲಿ ತಮ್ಮನಿಗೆ ದಿನಕ್ಕೆ ಅರ್ಧ ಲೀಟರ್ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಇಪ್ಪತ್ತು ವರ್ಷ ನೀರಿನಲ್ಲೇ ಬದುಕಿದವನು. ಈಜುಕೊಳದ ಮಕ್ಕಳು ಅವನನ್ನು ಮೀನು ಮೇಷ್ಟ್ರು ಎನ್ನುತ್ತಿದ್ದರು. ಈಗ ಬೆಳಿಗ್ಗೆ ಎದ್ದು ಗಾಜಿನ ಬಾಟಲಿಗೆ ಗೆರೆಯವರೆಗೆ ನೀರು ತುಂಬಿಸಿಕೊಂಡು, ಸಂಜೆಯವರೆಗೆ ಅದನ್ನೇ ಜೋಪಾನ ಮಾಡುತ್ತಿದ್ದ. ಪಾತ್ರೆ ತೊಳೆಯುವ ನಲ್ಲಿಯ ಸದ್ದಾದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದ. ಮೊಣಕೈ ಹತ್ತಿರ ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದಂತೆ ಉಬ್ಬಿತ್ತು.

"ಲೋ, ನಿನ್ನ ಅರ್ಜಿ ಅವತ್ತೇ ಹತ್ತಿದ್ರೆ ಇಷ್ಟೊತ್ತಿಗೆ ಎಲ್ಲಾ ಮುಗಿದು ಮತ್ತೆ ಕೊಳಕ್ಕೆ ಇಳೀತಿದ್ದೆ," ಎಂದಳು ಒಂದು ಭಾನುವಾರ.

"ಇದ್ರೆ ಇದ್ರೆ ಅಂತ ಎಷ್ಟು ಸಲ ಹೇಳ್ತೀಯಕ್ಕಾ. ಇರಲಿಲ್ಲ, ಬಿಡು."

"ಅದು ನಿನ್ನ ಜಾಗ ಕಣೋ. ಈಗ ಅಲ್ಲಿ ಬೇರೆಯವರು ಕೂತಿದ್ದಾರೆ."

"ಅವರೂ ನನ್ನ ಹಾಗೇ ಬಾಟಲಿ ಅಳೀತಾ ಕೂತಿರೋರೇ ತಾನೇ? ನೀನು ಆ ಆಫೀಸಲ್ಲಿ ಇದ್ದೀಯ ಅಂತ ಏನಾದ್ರೂ ಮಾಡೋಕೆ ಹೋಗ್ಬೇಡ. ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗುತ್ತೆ." ಅವನು ನಕ್ಕ. "ಚಿಕ್ಕಂದಿನಲ್ಲಿ ನನ್ನ ಬದಲು ನೀನೇ ಪರೀಕ್ಷೆ ಬರೀತೀನಿ ಅಂತ ಹೊರಟೋಳಲ್ವಾ ನೀನು."

"ಏನೂ ಮಾಡಲ್ಲ, ಸುಮ್ನಿರು," ಎಂದಳು. ಮನಸ್ಸಿನಲ್ಲಿ ಅದಾಗಲೇ ಅರ್ಧ ಕೆಲಸ ಮುಗಿದಿತ್ತು.

ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ. ಅರ್ಜಿ ಕೊಟ್ಟದ್ದು ನಿಜ. ಕೊಟ್ಟ ದಿನ ನಿಜ. ಕಳೆದವರು ಅವರು. ಅವಳು ಸುಳ್ಳೊಂದನ್ನು ಬರೆಯುವುದಿಲ್ಲ, ನಿಜವನ್ನು ಅದರ ಜಾಗಕ್ಕೆ ತಂದಿಡುತ್ತಾಳೆ, ಅಷ್ಟೇ. ಈ ಮಾತನ್ನು ಅವಳು ಎಷ್ಟು ಸಲ ಹೇಳಿಕೊಂಡಳೆಂದರೆ, ಕೊನೆಗೆ ಅದು ಬಸ್ಸಿನ ಕಿಟಕಿಯ ಕಂಪನದ ಹಾಗೆ ತಲೆಯಲ್ಲಿ ಸದಾ ಗುಂಯ್‌ಗುಡುವ ಸದ್ದಾಯಿತು.

ತೊಡಕುಗಳು ಮೂರಿದ್ದವು. ಮೊದಲನೆಯದು ತಾರೀಖು. ಆ ಡಾಕ್ಟರು ಜಾಣರು. ಹೊಸ ಹೆಸರು ಸೇರಿಸುವಾಗ ತಾರೀಖನ್ನು ಕೈಯಿಂದ ಹಾಕಲು ಬಿಡುತ್ತಿರಲಿಲ್ಲ, ಯಂತ್ರದ ಗಡಿಯಾರ ನೋಡಿ ಪ್ರೋಗ್ರಾಂ ತಾನೇ ಹಾಕಿಕೊಳ್ಳುತ್ತಿತ್ತು. ಕಡತವನ್ನು ಬೇರೆ ದಾರಿಯಿಂದ ತಿದ್ದಿದರೆ ಒಳಗಿನ ಲೆಕ್ಕ ತಪ್ಪಿ, ಬೆಳಿಗ್ಗೆ ತೆರೆಯುವಾಗಲೇ ಅದು ಕೂಗಿಕೊಳ್ಳುತ್ತಿತ್ತು. ತಿದ್ದುವುದಾದರೆ ಪ್ರೋಗ್ರಾಂನ ಕೈಯಿಂದಲೇ ತಿದ್ದಿಸಬೇಕು. ಆದರೆ ಈಗ ಆ ಪ್ರೋಗ್ರಾಂ ವಾಸಿಸುವ ಲೋಕ ಅವಳು ಕಟ್ಟಿಕೊಟ್ಟದ್ದು. ಆ ಲೋಕದಲ್ಲಿ ಇವತ್ತು ಯಾವ ದಿನ ಎಂದು ಹೇಳುವವಳೂ ಅವಳೇ. ಕಂಟೇನರ್‌ನ ಒಂದು ಪ್ರತಿ ಮಾಡಿಕೊಂಡು, ಅದರ ಗಡಿಯಾರವನ್ನು ಮೂರು ವರ್ಷ ಹಿಂದಕ್ಕೆ ತಿರುಗಿಸಿದರೆ ಸಾಕು. ಅಜ್ಜಿ ಕ್ಯಾಲೆಂಡರು ನೋಡಿ ನಂಬುತ್ತಾಳೆ.

ಎರಡನೆಯದು ಸಂಖ್ಯೆ. ಪ್ರತಿ ಹೆಸರಿಗೂ ಒಂದು ಸಂಖ್ಯೆ, ಬಂದ ಕ್ರಮದಲ್ಲಿ. ಮೂರು ವರ್ಷ ಹಳೆಯ ತಾರೀಖಿನ ಮುಂದೆ ನಿನ್ನೆ ಮೊನ್ನೆಯ ಸಂಖ್ಯೆ ಇದ್ದರೆ ಮಗುವಿಗೂ ಅನುಮಾನ ಬರುತ್ತದೆ. ಆದರೆ ಪಟ್ಟಿಯಿಂದ ಯಾರಾದರೂ ಹೋದರೆ ಅವರ ಸಂಖ್ಯೆ ಖಾಲಿಯಾಗಿ, ಮುಂದೆ ಬರುವವರಿಗೆ ಮೊದಲು ಅದೇ ಸಿಗುತ್ತಿತ್ತು. ಆ ಕಾಲದಲ್ಲಿ ಸೇರಿದವರೊಬ್ಬರ ಸಂಖ್ಯೆ ಖಾಲಿಯಾಗುವವರೆಗೆ ಅವಳು ಐದು ವಾರ ಕಾದಳು. ಖಾಲಿಯಾದ ದಿನ ಮೈ ಹಗುರಾಯಿತು. ತಾನು ಕಾದದ್ದು ಒಬ್ಬರ ಸಾವಿಗೆ ಎಂದು ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು.

ಮೂರನೆಯದು ಉಳಿದ ಗುರುತುಗಳು. ಹೋದ ವರ್ಷದ ನಮೂದು ಇದ್ದದ್ದು ಪಟ್ಟಿಯಲ್ಲಿ, ಗುಮಾಸ್ತರ ಕಪಾಟಿನ ಅರ್ಜಿಯಲ್ಲಿ, ದಿನಾ ಸಂಜೆ ತಾನಾಗಿ ತೆಗೆದಿಡುವ ಪಟ್ಟಿಯ ನಕಲುಗಳಲ್ಲಿ, ಮತ್ತೆ ತಮ್ಮನ ರಸೀದಿಯಲ್ಲಿ. ನಕಲುಗಳನ್ನು ಮೂವತ್ತು ದಿನ ಮಾತ್ರ ಇಡುತ್ತಿದ್ದರು, ಆಮೇಲೆ ಹಳೆಯದರ ಮೇಲೆ ಹೊಸದು ಬೀಳುತ್ತಿತ್ತು. ಅವನ್ನು ಮುಟ್ಟಿದರೆ ಅನುಮಾನ, ಬಿಟ್ಟರೆ ತಾವಾಗಿ ಅಳಿಯುತ್ತವೆ. ಕಾಯುವುದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಮಾಡಿದ್ದು ಅದನ್ನೇ.

ಕೆಲಸಕ್ಕೆ ಅವಳು ಒಂದು ಮಂಗಳವಾರ ಮಧ್ಯಾಹ್ನದ ಊಟದ ಹೊತ್ತನ್ನು ಆರಿಸಿಕೊಂಡಳು. ಒಂದರಿಂದ ಎರಡರವರೆಗೆ ಅರ್ಜಿ ಕೊಡುವ ಕಿಟಕಿ ಮುಚ್ಚಿರುತ್ತಿತ್ತು. ಯಾರೂ ಪಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಗುಮಾಸ್ತರು ಮೇಲೆ ಕಾರಿಡಾರಿನ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚುವ ಸದ್ದು ಮೆಟ್ಟಿಲಿಳಿದು ಬರುತ್ತಿತ್ತು.

ಅವಳು ಪ್ರತಿ ಮಾಡಿದಳು. ಗಡಿಯಾರ ತಿರುಗಿಸಿದಳು. ಅರ್ಜಿ ಕೊಟ್ಟ ಆ ದಿನ, ಬೆಳಿಗ್ಗೆ ಹನ್ನೊಂದು ನಲವತ್ತು. ಪ್ರೋಗ್ರಾಂ ಕಣ್ಣು ತೆರೆದು ಮೇಲಿನ ಮೂಲೆಯಲ್ಲಿ ಅದೇ ತಾರೀಖನ್ನು ಹಸಿರಾಗಿ ತೋರಿಸಿತು. ಆ ದಿನ ತಮ್ಮ ಕೊಳದಿಂದ ನೇರ ಬಂದಿದ್ದ. ಕೂದಲು ಇನ್ನೂ ಒದ್ದೆಯಿತ್ತು. ಕಿಟಕಿಯ ಮುಂದೆ ನಿಂತು ಏನೋ ತಮಾಷೆ ಮಾಡಿ ಸಾಲಿನವರನ್ನೆಲ್ಲ ನಗಿಸಿದ್ದ.

ಹೋದ ವರ್ಷದ ನಮೂದನ್ನು ತೆಗೆದಳು. ಹೆಸರು, ವಯಸ್ಸು, ರಕ್ತದ ಗುಂಪು, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಹೊಸದಾಗಿ ತುಂಬಿದಳು. ಪರೀಕ್ಷೆಗೂ ಪ್ರೋಗ್ರಾಂ ಅದೇ ಹಳೆಯ ತಾರೀಖು ಹಾಕಿಕೊಂಡಿತು. ಖಾಲಿಯಿದ್ದ ಸಂಖ್ಯೆ ತಾನಾಗಿ ಬಂದು ಕೂತಿತು. ಅವಳು ಅಷ್ಟಕ್ಕೇ ನಿಲ್ಲುವವಳಲ್ಲ. ಆ ಪ್ರತಿಯ ಇನ್ನೊಂದು ಪ್ರತಿ ತೆಗೆದು, ಅದರಲ್ಲಿ ಇಲ್ಲದ ದಾನಿಯೊಬ್ಬನನ್ನು ಸೃಷ್ಟಿಸಿ, ಕಿಡ್ನಿ ಯಾರಿಗೆ ಎಂದು ಕೇಳಿದಳು. ಪ್ರೋಗ್ರಾಂ ಹೊಂದಾಣಿಕೆ ನೋಡಿ ಹೆಸರುಗಳನ್ನು ಸಾಲಾಗಿ ಹೊರಹಾಕಿತು. ಮೊದಲನೆಯ ಸಾಲಿನಲ್ಲಿ ತಮ್ಮನ ಹೆಸರು. ಹೋದ ವರ್ಷದ ತಾರೀಖಿಗೆ ಅವನು ಐದನೆಯವನಾಗಿದ್ದ. ಅವನ ಮುಂದಿದ್ದ ನಾಲ್ವರೂ ಈಗ ಒಂದೊಂದು ಮೆಟ್ಟಿಲು ಕೆಳಗೆ ನಿಂತಿದ್ದರು. ಅವರ ವಯಸ್ಸಿನ ಕಡೆ ಕಣ್ಣು ಹಾಯದಂತೆ ಅವಳು ಪರದೆಯ ಬಲಭಾಗವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

ತಿದ್ದಿದ ಕಡತವನ್ನು ನಿಜವಾದ ಪಟ್ಟಿಯ ಜಾಗಕ್ಕೆ ಸರಿಸಿ, ಎರಡೂ ಪ್ರತಿಗಳನ್ನು ಅಳಿಸಿದಳು. ಒಮ್ಮೆ ಅಳಿಸಿದ ಮೇಲೆ ಅಲ್ಲಿ ಏನು ನಡೆಯಿತು ಎಂದು ಹೇಳಲು ಏನೂ ಉಳಿಯುವುದಿಲ್ಲ. ಹಳೆಯ ಯಂತ್ರವಾಗಿದ್ದರೆ ಎಲ್ಲೋ ಒಂದು ಕಲೆ ಉಳಿಯುತ್ತಿತ್ತು. ಇಲ್ಲಿ ಅಜ್ಜಿಯ ಆ ಕೋಣೆಯೇ ಇಲ್ಲ. ಗಡಿಯಾರ ಒಂದು ಐವತ್ತೆರಡು ತೋರಿಸುತ್ತಿತ್ತು, ಇವತ್ತಿನ ಗಡಿಯಾರ.

ಅರ್ಜಿಯನ್ನು ಮರುದಿನ ತೆಗೆದಳು. ಗುಮಾಸ್ತರೇ ಕಪಾಟಿನ ಬೀಗದ ಕೈ ಕೊಟ್ಟು, "ಏನು ಬೇಕೋ ನೋಡ್ಕೊಳ್ಳಿ ಮೇಡಂ," ಎಂದಿದ್ದರು. ಅದು ಅವಳ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಕೂತು ಮನೆಗೆ ಬಂತು. ರಸೀದಿ ಮನೆಯಲ್ಲೇ ಇತ್ತು, ತಮ್ಮನ ಔಷಧಿ ಚೀಟಿಗಳ ಜೊತೆ. ಅವನು ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದ. ಅವಳು ಎರಡನ್ನೂ ಚೂರು ಚೂರು ಮಾಡಿ ಬಚ್ಚಲಿನಲ್ಲಿ ನೀರು ಬಿಟ್ಟಳು. ನೀರಿನ ಸದ್ದಿಗೆ ಒಳಗಿನಿಂದ ಅವನು ಮಗ್ಗುಲು ಬದಲಿಸಿದ್ದು ಕೇಳಿಸಿತು.

ಆಮೇಲೆ ಮೂವತ್ತು ದಿನ. ಆ ಮೂವತ್ತು ದಿನ ಅವಳು ಯಾರ ಕಣ್ಣಿಗೂ ಬೀಳದಷ್ಟು ಸಾಮಾನ್ಯಳಾಗಿದ್ದಳು. ಹೊತ್ತಿಗೆ ಸರಿಯಾಗಿ ಬಂದಳು. ಗುಮಾಸ್ತರ ಮಗಳ ಮದುವೆಯ ಮಾತುಕತೆ ಕೇಳಿದಳು. ಅಧಿಕಾರಿ ಒಂದು ದಿನ ಅವಳ ಬೆನ್ನ ಹಿಂದೆ ಬಂದು ನಿಂತ. ಅವನು ಕೇಳಿದ್ದು ಟ್ಯಾಬ್‌ನಲ್ಲಿ ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು. ಮಾಡಿಕೊಟ್ಟಳು. ಸಕ್ಕರೆ ಕಾಯಿಲೆಗೆ ತೋರಿಸಲು ಹೋದಾಗ ಅವಳ ರಕ್ತದೊತ್ತಡ ನೋಡಿದ ಡಾಕ್ಟರು ಏನು ಯೋಚನೆ ನಿಮಗೆ ಎಂದರು. ನಿದ್ದೆ ಸಾಲದು ಅಷ್ಟೇ ಎಂದಳು. ಅದೂ ನಿಜ. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಸುಸ್ತಿತ್ತು. ಕಳ್ಳತನ ಮಾಡಿದವರಿಗೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾರೆ. ಅವಳಿಗೆ ಎಲ್ಲಾದರೂ ಕೂತಲ್ಲೇ ಕಣ್ಣು ಮುಚ್ಚಿಬಿಡೋಣ ಅನ್ನಿಸುತ್ತಿತ್ತು.

ಮೂವತ್ತೊಂದನೆಯ ದಿನ ಕೊನೆಯ ಹಳೆಯ ನಕಲಿನ ಮೇಲೆ ಹೊಸದು ಬಿತ್ತು. ಹೋದ ವರ್ಷ ಬರೆಸಿದ ನಮೂದು ಈಗ ಎಲ್ಲೂ ಇರಲಿಲ್ಲ. ಅವಳು ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದು ಈಜುಕೊಳದ ಬೇಲಿಯ ಪಕ್ಕ ನಡೆದು ಹೋದಳು. ಒಳಗೆ ಯಾರದೋ ಸೀಟಿ ಕೇಳಿಸುತ್ತಿತ್ತು, ಮಕ್ಕಳು ಕಿರುಚುತ್ತಿದ್ದರು. ಮನೆಗೆ ಬಂದು ತಮ್ಮನಿಗೆ, "ನಿನ್ನ ಈಜುಚಡ್ಡಿ ಎಲ್ಲಿಟ್ಟಿದ್ದೀಯೋ?" ಎಂದಳು.

"ಯಾಕೆ, ನೀನು ಕಲೀತೀಯಾ?"

"ಇರಲಿ ಅಂತ ಕೇಳ್ದೆ."

ಅವನು ಅವಳನ್ನೇ ನೋಡಿದ. ಬಾಟಲಿಯಲ್ಲಿ ಉಳಿದಿದ್ದ ಎರಡು ಗುಟುಕಿನಲ್ಲಿ ಒಂದನ್ನು ಕುಡಿದ.

ಏಳನೆಯ ವಾರ, ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೇಲಿನಿಂದ ಓಡಾಟದ ಸದ್ದು ಕೇಳಿಸಿತು. ಅಪಘಾತದಲ್ಲಿ ಒಬ್ಬರು ಹೋಗಿದ್ದರು, ಮನೆಯವರು ದಾನಕ್ಕೆ ಒಪ್ಪಿದ್ದರು. ಒಂದು ಕಿಡ್ನಿ ಅವರಿದ್ದ ಆಸ್ಪತ್ರೆಗೆ, ಇನ್ನೊಂದು ಈ ಪಟ್ಟಿಗೆ. ರಕ್ತದ ಗುಂಪು ಯಾವುದೆಂದು ಯಾರೋ ಕಾರಿಡಾರಿನಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ನೆಲಮಾಳಿಗೆಯಲ್ಲಿ ಕೂತವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ತಮ್ಮನ ಗುಂಪು.

ಅವಳು ಏಳಲಿಲ್ಲ. ಏನೂ ಗೊತ್ತಿಲ್ಲದವಳಂತೆ ಕೂತಿರುವುದು ಯೋಜನೆಯ ಕೊನೆಯ ಭಾಗ. ಕರೆ ಹೋಗುವುದು ನೇರ ತಮ್ಮನಿಗೆ, ಅವನು ತನಗೆ ಮಾಡುತ್ತಾನೆ, ಆಗ ಅಳಬಹುದು. ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡಳು. ಹನ್ನೊಂದಾಯಿತು. ಹನ್ನೊಂದೂಕಾಲು. ಯಾವಾಗಲೂ ಇಷ್ಟು ಹೊತ್ತಾಗುತ್ತದೆಯೇ? ಹನ್ನೊಂದೂವರೆಗೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಗಿ ಗುಮಾಸ್ತರು ಟ್ಯಾಬ್ ಹಿಡಿದುಕೊಂಡು ಇಳಿದು ಬಂದರು. ಮುಖ ಸಪ್ಪಗಿತ್ತು.

"ಮೇಡಂ, ಒಂದು ವಿಷಯ. ನಾನು ಹೇಳಬಾರದು, ಆದ್ರೂ ಮನಸ್ಸು ತಡೀಲಿಲ್ಲ. ನಿಮ್ಮ ತಮ್ಮನ ಗುಂಪಿಂದೇ ಬಂದಿದೆ."

"ಹೌದಾ?" ಎಂದಳು. ಸ್ವರ ಸರಿಯಾಗಿಯೇ ಬಂತು.

"ಮೊದಲಿನವರಿಗೆ ಹೋದ ತಿಂಗಳು ಹೆಂಡತೀನೇ ಕೊಟ್ರು. ಎರಡನೆಯವರು ಜ್ವರ ಅಂತ ಮಲಗಿದ್ದಾರೆ. ಮೂರನೆಯವರ ಮನೆಗೆ ಫೋನ್ ಮಾಡಿದ್ರೆ, ಪಾಪ, ಹದಿನೈದು ದಿನ ಆಯ್ತಂತೆ ಹೋಗಿ. ನಾಲ್ಕನೆಯವರಿಗೆ ರಕ್ತ ಕೂಡಲಿಲ್ಲ. ಆಮೇಲೆ ನೇರವಾಗಿ ಒಬ್ಬ ಹೆಂಗಸಿಗೆ ಇಳೀತು. ಆಕೆ ನಿಮ್ಮ ತಮ್ಮ ಬರೆಸಿದ ಮೇಲೆ ಒಂಬತ್ತು ದಿನಕ್ಕೆ ಬರೆಸಿದವಳು, ನಂಗೆ ಚೆನ್ನಾಗಿ ನೆನಪಿದೆ. ನಡುವೆ ನಿಮ್ಮ ತಮ್ಮನ ಹೆಸರು ಬರಬೇಕಲ್ವಾ? ಬರಲೇ ಇಲ್ಲ. ಹುಡುಕಿ ನೋಡಿದ್ರೆ ಮೂರು ವರ್ಷದ ಹಿಂದಿನ ತಾರೀಖು ತೋರಿಸ್ತಿದೆ. ಹೋದ ವರ್ಷ ನಾನೇ ಕೂತು ಹಾಕಿದ್ದು, ಕಪಾಟಲ್ಲಿ ನೋಡಿದ್ರೆ ಆ ಅರ್ಜೀನೂ ಇಲ್ಲ. ನನ್ನ ತಲೆ ಕೆಟ್ಟಿದೆಯೋ ಇದರ ತಲೆ ಕೆಟ್ಟಿದೆಯೋ. ಹೋದ ವರ್ಷದ್ದೇ ಆಗಿದ್ರೆ ಇವತ್ತು ಕಿಡ್ನಿ ನಿಮ್ಮ ತಮ್ಮಂದೇ. ಸಾಹೇಬ್ರು ಒಂದು ಗಂಟೆ ತಡೀತೀನಿ ಅಂದಿದ್ದಾರೆ. ಹೋದ ವರ್ಷದ ರಸೀದಿ ತಂದು ತೋರಿಸಿದ್ರೆ ಸಾಕಂತೆ. ಎರಡು ಮೊಹರು ಒತ್ತಿ ಕೊಟ್ಟಿದ್ದೆ, ನೆನಪಿದೆಯಾ? ಮನೇಲಿ ಇರುತ್ತಲ್ವಾ ಮೇಡಂ?"

"ಹಳೇ ತಾರೀಖಾದ್ರೆ ಇನ್ನೂ ಮೊದಲು ಬರಬೇಕಲ್ವಾ?" ಎಂದು ಕೇಳಿದಳು ಅವಳು.

"ಹಳೇದಾದ್ರೆ ಮರುತಪಾಸಣೆ ಆಗಿರಬೇಕು ಮೇಡಂ," ಎಂದರು ಗುಮಾಸ್ತರು, ಇಪ್ಪತ್ತಾರು ವರ್ಷದಿಂದ ಗೊತ್ತಿರುವ ಮಾತನ್ನು ಹೇಳುವವರ ಸರಾಗದಲ್ಲಿ. "ಪಟ್ಟಿಗೆ ಸೇರಿದವರು ವರ್ಷಕ್ಕೊಂದು ಸಲ ನಾವು ಕಾಗದ ಹಾಕಿದಾಗ ಬಂದು ತೋರಿಸ್ಕೋಬೇಕು. ಹದಿನೆಂಟು ತಿಂಗಳಾದ್ರೂ ಯಾರೂ ಬರದಿದ್ರೆ, ಪಟ್ಟೀಲಿ ಹೆಸರು ಇರುತ್ತೆ, ಆದ್ರೆ ಕಿಡ್ನಿ ಕೊಡುವಾಗ ಅದು ಸದ್ದಿಲ್ಲದೆ ದಾಟಿ ಹೋಗುತ್ತೆ. ಬದುಕಿದ್ದಾರೋ ಇಲ್ವೋ ಗೊತ್ತಾಗಲ್ಲವಲ್ಲ, ಹೊತ್ತು ಹಾಳಾಗಬಾರದು ಅಂತ ಡಾಕ್ಟ್ರು ಆಗಲೇ ಹಂಗೆ ಬರೆದಿಟ್ಟಿದ್ರು." ಅವಳ ಆ ಪ್ರತಿಯೊಳಗೆ ಹದಿನೆಂಟು ತಿಂಗಳು ಕಳೆದಿರಲಿಲ್ಲ, ಒಂದು ಗಂಟೆಯೂ ಕಳೆದಿರಲಿಲ್ಲ. ಅಲ್ಲಿ ಅದಿನ್ನೂ ಅರ್ಜಿ ಕೊಟ್ಟ ದಿನದ ಬೆಳಿಗ್ಗೆ, ಪರೀಕ್ಷೆಗಳೆಲ್ಲ ಅವತ್ತಿನವೇ, ಅದಕ್ಕೇ ಅವನ ಹೆಸರು ಮೊದಲು ಬಂದಿತ್ತು. ಹೊರಗೆ ಮಾತ್ರ ಮೂರು ವರ್ಷ ಕಳೆದಿತ್ತು. "ಹೊರಡಿ ಮೇಡಂ, ಆಟೋದಲ್ಲಿ ಹೋದ್ರೆ ಹೋಗಿ ಬರೋಕೆ ಮುಕ್ಕಾಲು ಗಂಟೆ ಸಾಕು," ಎಂದು ಗುಮಾಸ್ತರು ಅವಳ ಚೀಲವನ್ನು ಎತ್ತಿ ಕೈಗೆ ಕೊಟ್ಟರು. ಅವಳು ಚೀಲ ಹಿಡಿದುಕೊಂಡು ಕೂತೇ ಇದ್ದಳು.